ಹಂಬನ್‌ತೋಟ: ಭೋಗ್ಯವೋ ಗುತ್ತಿಗೆಯೋ?

ಹಲವು ದೇಶಗಳಲ್ಲಿ ಬಂದರು, ರಸ್ತೆ, ರೈಲುದಾರಿ ಕಟ್ಟುವ ಚೀನಾದ ‘ಬೆಲ್ಟ್ ಆ್ಯಂಡ್ ರೋಡ್’ ಯೋಜನೆಯ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆ, ಟಿ.ವಿ.ಗಳಲ್ಲಿ ಶ್ರೀಲಂಕಾದ ಹಂಬನ್‌ತೋಟ ಬಂದರಿನ ಮಾತು ಬಂದೇ ಬರುತ್ತದೆ. ಆದರೆ ಲಂಕಾ ಮಾಡಿದ್ದೇನು ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಪದ: ‘ಒತ್ತೆ ಇಟ್ಟಿತು’, ‘ಭೋಗ್ಯಕ್ಕೆ ಕೊಟ್ಟಿತು’, ‘ಗುತ್ತಿಗೆ ನೀಡಿತು’. ಮೂರೂ ಒಂದೇ ಅರ್ಥದವೇ?

ದಾವಣಗೆರೆಯಲ್ಲಿ ಭೋಗ್ಯ ಎಂದರೆ ಏನೆಂದು ಯಾರಿಗೂ ಅನುಮಾನವಿಲ್ಲ. ವಿನೋಬನಗರದಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂಬ ಬೋರ್ಡ್ ಕಂಡರೆ, ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರಬಹುದು, ಬಿಡುವಾಗ ಗಂಟು ವಾಪಸ್. ನಮ್ಮಜ್ಜ ಮಗಳ ಮದುವೆಗೆಂದು ಜಗಳೂರು ಕಡೆಯ ಎರಡೆಕರೆ ಹೊಲ ಭೋಗ್ಯಕ್ಕೆ ಹಾಕಿದ್ದರು. ಸಾಲ ಕೊಟ್ಟವರು ಬಿತ್ತಿ ಬೆಳೆದುಕೊಂಡರು, ಬಡ್ಡಿಗೆ ಅದೇ ವಜಾ. ಅಸಲು ತೀರಿಸಿದ ದಿನ ಪತ್ರ ಹರಿದು ಹೊಲ ಬಿಟ್ಟುಕೊಟ್ಟರು.

ಹಂಬನ್‌ತೋಟದಲ್ಲಿ ನಡೆದದ್ದು ಇದಲ್ಲ. 2017ರಲ್ಲಿ ಚೀನಾ ಮರ್ಚೆಂಟ್ಸ್ ಕಂಪನಿ ಬಂದರನ್ನು 99 ವರ್ಷಕ್ಕೆ ಪಡೆದು ಸುಮಾರು 112 ಕೋಟಿ ಡಾಲರ್ ಕೊಡಲು ಒಪ್ಪಿತು. ಬಂದರು ಕಟ್ಟಲು ಚೀನಾದ ಎಕ್ಸಿಮ್ ಬ್ಯಾಂಕಿನಿಂದ ತಂದ ಸಾಲ ಇದರಿಂದ ವಜಾ ಆಗಲಿಲ್ಲ, ಅದು ಲಂಕಾ ಸರ್ಕಾರದ ತಲೆಯ ಮೇಲೆಯೇ ಉಳಿಯಿತು. ಬಂದ ಡಾಲರ್ ವಿದೇಶಿ ವಿನಿಮಯದ ಸಂಗ್ರಹಕ್ಕೆ ಆಸರೆಯಾಯಿತು. ‘ಭೋಗ್ಯ’, ‘ಒತ್ತೆ’ ಎಂದು ಬರೆದರೆ ನಮ್ಮೂರಿನ ಓದುಗರಿಗೆ ನಡೆಯದ ವ್ಯವಹಾರವೇ ಕಣ್ಣಿಗೆ ಕಟ್ಟುತ್ತದೆ. ‘ಬೆಲ್ಟ್ ಆ್ಯಂಡ್ ರೋಡ್’ ಯೋಜನೆಗೆ ಆಕ್ಷೇಪ ಇರಬಾರದೆಂದಲ್ಲ. ಪಾಕ್ ಆಕ್ರಮಿತ ಕಾಶ್ಮೀರದ ಮೂಲಕ ಅದರ ಚೀನಾ-ಪಾಕಿಸ್ತಾನ ಕಾರಿಡಾರ್ ಹಾಯುತ್ತದೆಂದೇ ಭಾರತ ಆ ಯೋಜನೆಯ 2017ರ ಬೀಜಿಂಗ್ ಸಮಾವೇಶಕ್ಕೆ ಹೋಗಲಿಲ್ಲ. ಆ ಆಕ್ಷೇಪವನ್ನು ಸರಿಯಾದ ಪದದಲ್ಲೇ ಹೇಳಬಹುದಲ್ಲ.

ಹಾಗಾದರೆ ‘ಗುತ್ತಿಗೆ’ ಸಾಕೇ? ಅದರಲ್ಲೂ ತೊಡಕಿದೆ. ನಮ್ಮಲ್ಲಿ ಗುತ್ತಿಗೆದಾರ ಎಂದರೆ ರಸ್ತೆ, ಚರಂಡಿ ಮಾಡಿಸುವವರು. ‘ಬಂದರಿನ ಗುತ್ತಿಗೆ ಚೀನಾ ಕಂಪನಿಗೆ’ ಎಂದರೆ ಕಟ್ಟುವ ಗುತ್ತಿಗೆಯೋ, ನಡೆಸುವ ಗುತ್ತಿಗೆಯೋ? ಹಂಬನ್‌ತೋಟದಲ್ಲಿ ಎರಡೂ ಚೀನಾದವರಿಗೇ ಹೋದವು, ಕಂಪನಿಗಳು ಮಾತ್ರ ಬೇರೆ. ‘ಗುತ್ತಿಗೆ ಕೊಟ್ಟರು’ ಎಂಬುದಕ್ಕಿಂತ ‘99 ವರ್ಷದ ಗುತ್ತಿಗೆಗೆ ಕೊಟ್ಟರು’ ಎಂದರೆ ಗೊಂದಲ ಕಡಿಮೆ ಎಂದು ನನಗನ್ನಿಸುತ್ತದೆ. ಆ ಒಂದು ‘ಗೆ’ ಬಹಳ ಕೆಲಸ ಮಾಡುತ್ತದೆ.

ಬೇರೆ ಪದ ಹುಡುಕೋಣವೆಂದರೆ, ‘ಗೇಣಿ’ ಹೊಲಗದ್ದೆಗೇ ಅಂಟಿಕೊಂಡ ಮಾತು. ಚನ್ನಗಿರಿ ಕಡೆ ಅಡಿಕೆ ತೋಟವನ್ನು ‘ಚೇಣಿ’ಗೆ ಕೊಡುತ್ತಾರೆ, ಆದರೆ ಚೇಣಿದಾರರಿಗೆ ಸಿಗುವುದು ಫಸಲು ಮಾತ್ರ. ಹೊಲವನ್ನು ಗುತ್ತಿಗೆಗೆ ಕೊಡುವುದಕ್ಕೆ ಉತ್ತರ ಕರ್ನಾಟಕದಲ್ಲಿ ಹೇಳುವ ‘ಲಾವಣಿ’ ಬಂದರಿಗೆ ಹೊಂದೀತೇ? ಧಾರವಾಡ, ಹಾವೇರಿ ಕಡೆಯವರು ಹೊಲವಲ್ಲದೆ ಅಂಗಡಿ, ಗಿರಣಿಗೂ ಲಾವಣಿ ಎನ್ನುತ್ತಾರೆಯೇ, ದಯವಿಟ್ಟು ತಿಳಿಸಿ.