ಸಹಾಯ ಬೇಕು: 15 ನಿಮಿಷದ ರೇಡಿಯೋ ಪ್ರಬಂಧ, ನನ್ನದು 21 ನಿಮಿಷ ಆಗ್ತಿದೆ

ಎಲ್ಲರಿಗೂ ನಮಸ್ಕಾರ. ರೇಡಿಯೋಗೆ ಮೊದಲ ಸಲ ಪ್ರಬಂಧ ಬರೆದಿದ್ದೇನೆ. ವಿಷಯ ನೈಟಿಂಗೇಲ್ ಹಕ್ಕಿ. 1924ರ ಮೇ ತಿಂಗಳಲ್ಲಿ ಬಿಯಾಟ್ರಿಸ್ ಹ್ಯಾರಿಸನ್ ಎಂಬ ಸಂಗೀತಗಾರ್ತಿ ಇಂಗ್ಲೆಂಡಿನ ಸರ್‍ರೇಯ ತನ್ನ ತೋಟದಲ್ಲಿ ಕೂತು ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸಿದರು. ಜೊತೆಗೆ ಹಕ್ಕಿಯೂ ಹಾಡಿತು, ಬಿಬಿಸಿ ಅದನ್ನು ನೇರವಾಗಿ ಪ್ರಸಾರ ಮಾಡಿತು. 1942ರಲ್ಲಿ, ಎರಡನೇ ಮಹಾಯುದ್ಧದ ಸಮಯ, ಅದೇ ತೋಟದಿಂದ ಪ್ರಸಾರಕ್ಕೆ ತಯಾರಾಗಿದ್ದಾಗ ಬ್ರಿಟನ್ನಿನ ಬಾಂಬರ್ ವಿಮಾನಗಳ ಸದ್ದು ಕೇಳಿಸಿತು. ಶತ್ರುಗಳಿಗೆ ಸುಳಿವು ಸಿಗಬಾರದೆಂದು ಪ್ರಸಾರ ನಿಲ್ಲಿಸಿದರು, ಆದರೆ ರೆಕಾರ್ಡಿಂಗ್ ಮಾತ್ರ ನಡೆದೇ ಇತ್ತು. ಹಕ್ಕಿಯ ಹಾಡಿನ ಮೇಲೆ ವಿಮಾನಗಳ ಮೊರೆತ! ನನ್ನ ಪ್ರಬಂಧದ ಜೀವ ಇರುವುದೇ ಅಲ್ಲಿ.

ತೊಂದರೆ ಏನಂದ್ರೆ, 1900 ಪದ ಬರೆದಿದ್ದೇನೆ. ಗಟ್ಟಿಯಾಗಿ ಓದಿದರೆ 21 ನಿಮಿಷ. ಬೇಗ ಓದಿದರೆ ಸುದ್ದಿ ಓದಿದ ಹಾಗಿರುತ್ತದೆ, ಸುಮ್ನೆ ಹಾಳು. ಹಕ್ಕಿಯ ವಲಸೆ, ಗೂಡಿನ ಬಗ್ಗೆ ಇರುವ ಭಾಗ ಕತ್ತರಿಸಲೇ? ಮನಸ್ಸು ಬರುತ್ತಿಲ್ಲ, ಓದಿ ಓದಿ ಬರೆದದ್ದು ಅಲ್ವಾ.

ಇನ್ನೊಂದು. ಕೇಳುವವರು ಹಿಂದಿನ ಪುಟ ತಿರುವಿ ನೋಡಲಾಗದು. ಹಾಗಾಗಿ 1924ರಿಂದ 1942ಕ್ಕೆ ಹಾರುವಾಗ ಅವರಿಗೆ ದಾರಿ ತಪ್ಪದ ಹಾಗೆ ಹೇಗೆ ಬರೆಯಬೇಕು? ಇಸವಿ ಎರಡು ಸಲ ಹೇಳಿದರೆ ಜಾಸ್ತಿ ಆಗುತ್ತದಾ? ಹಕ್ಕಿಯ ದನಿ ಮೊದಲೇ ಕೇಳಿಸಬೇಕೋ, ವಿಮಾನ ಬರುವವರೆಗೆ ಕಾಯಬೇಕೋ? ಕಾಯುವುದೇ ವಾಸಿ ಅನ್ನಿಸುತ್ತಿದೆ ನನಗೆ.

ರೇಡಿಯೋಗೆ ಬರೆದು ಅಭ್ಯಾಸ ಇರುವವರು ದಯವಿಟ್ಟು ಹೇಳಿ. ಯಾರಾದರೂ ಓದಿ ನೋಡುತ್ತೀರಾದರೆ ಕರಡು ಕಳಿಸುತ್ತೇನೆ.