ಸಹಾಯ ಬೇಕು: ಮೈಸೂರಿನ ಪುರಭವನ ಊರಿನ ಕಲಾಕೇಂದ್ರ ಆಗಬೇಕು

ಎಲ್ಲರಿಗೂ ನಮಸ್ಕಾರ. ದೊಡ್ಡ ಗಡಿಯಾರದ ಹತ್ತಿರದ ರಂಗಾಚಾರ್ಲು ಪುರಭವನ ನಿಮಗೆ ಗೊತ್ತೇ ಇದೆ, ಅಲ್ವಾ? 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ ದಿವಾನರ ನೆನಪಿಗೆ, ಅವರು ತೀರಿಕೊಂಡ ಮೇಲೆ, 1884ರಲ್ಲಿ ಕಟ್ಟಿದ್ದು. ಜನರ ಮಾತಿಗೆ ಬೆಲೆ ಕೊಟ್ಟವರ ಹೆಸರಿನ ಜಾಗ ದಿನಾ ಜನರಿಗೆ ತೆರೆದಿರಬೇಕು ಅನ್ನೋದು ನಮ್ಮ ಆಸೆ. ಬೆಳಗ್ಗೆ ಮಕ್ಕಳ ಚಿತ್ರಕಲೆ, ಸಂಜೆ ಸಂಗೀತ, ಹವ್ಯಾಸಿ ತಂಡಗಳಿಗೆ ತಾಲೀಮು. ನಮ್ಮ ತಂಡವೇ ಜಾಗ ಸಿಗದೆ ಒಬ್ಬರ ಮನೆಯ ತಾರಸಿ ಮೇಲೆ ನಾಟಕ ಕಲಿಯುತ್ತಿದೆ, ಮಳೆ ಬಂದರೆ ಅದೂ ಇಲ್ಲ.

ಮನವಿ ಬರೆಯಲು ಕೂತಿದ್ದೇವೆ. ಸುಮ್ನೆ ಸಹಿ ಸಂಗ್ರಹಿಸಿದರೆ ಸಾಲದು. ಹಳೆ ಕಟ್ಟಡಗಳ ಕೆಲಸ ಗೊತ್ತಿರುವ ಇಂಜಿನಿಯರ್ ಯಾರಾದರೂ ಇದ್ದೀರಾ? ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಹಾಳಾಗುತ್ತದೆ, ಅದಕ್ಕೇ ಈ ವಿಷಯ ಮೊದಲೇ ಮನವಿಯಲ್ಲಿ ಸೇರಬೇಕು. ಪುರಾತನ ಕಟ್ಟಡಗಳ ಕಾನೂನು ತಿಳಿದ ವಕೀಲರೂ ಬೇಕು.

ಇನ್ನೊಂದು, ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯವಾದದ್ದು: ಅಲ್ಲಿ ನಡೆದ ನಾಟಕ, ಕಚೇರಿಗಳ ಹಳೆ ಫೋಟೋ, ಕರಪತ್ರ, ಟಿಕೆಟ್ ನಿಮ್ಮ ಅಜ್ಜ ಅಜ್ಜಿಯರ ಟ್ರಂಕಿನಲ್ಲಿ ಇದ್ದರೆ ದಯವಿಟ್ಟು ಫೋಟೋ ತೆಗೆದು ಇಲ್ಲೇ ಹಾಕಿ.