ಪದ ಬೇಕು: ‘ಬಫರ್ ಓವರ್‌ಫ್ಲೋ’ (ಸೋಮವಾರ ಅಚ್ಚಿಗೆ)

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ಗಳ ಗೋಡೆಗೆ ಅಂಟಿಸುವ ಎಚ್ಚರಿಕೆ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಲ್ಯಾಬ್ ಸಹಾಯಕರು. ವಿಷಯ ಲೈಸೆನ್ಸ್ ಸರ್ವರ್. ಡ್ರಾಯಿಂಗ್ ತಂತ್ರಾಂಶದ ಮೂವತ್ತೋ ಐವತ್ತೋ ಪರವಾನಗಿಗಳನ್ನು ಒಂದೇ ಯಂತ್ರ ಇಟ್ಟುಕೊಂಡು, ಕೇಳಿದ ಕಂಪ್ಯೂಟರ್‌ಗೆ ಕೊಟ್ಟು ವಾಪಸ್ ಪಡೆಯುತ್ತದಲ್ಲ, ಅದು.

ಸಿಕ್ಕಿಹಾಕಿಕೊಂಡಿರುವ ಜಾಗ ಇದು: ಪರವಾನಗಿ ಕೇಳಿ ಬರುವ ಸಂದೇಶದಲ್ಲಿ ಬಳಕೆದಾರನ ಹೆಸರು, ಕಂಪ್ಯೂಟರ್ ಹೆಸರು ಇರುತ್ತವೆ. ಅವನ್ನು ಇಡಲು ಸರ್ವರ್ ಮೆಮೊರಿಯಲ್ಲಿ ಇಂತಿಷ್ಟೇ ಜಾಗ (ಬಫರ್) ಅಂತ ಗೊತ್ತುಮಾಡಿರುತ್ತದೆ. ಬಂದದ್ದರ ಉದ್ದ ಅಳೆಯದೆ ತುಂಬಿದರೆ ಮಿಕ್ಕಿದ್ದು ಪಕ್ಕದ ಜಾಗದ ಮೇಲೆ ಬರೆದುಕೊಳ್ಳುತ್ತದೆ. ಕಿಡಿಗೇಡಿಗಳು ಇದನ್ನೇ ಹಿಡಿದು ಇಡೀ ಯಂತ್ರವನ್ನು ಕೈವಶ ಮಾಡಿಕೊಳ್ಳುತ್ತಾರೆ. ಈ ‘ಬಫರ್ ಓವರ್‌ಫ್ಲೋ’ಗೆ ಒಂದು ಪದ, ಹೀಗೆ ಒಳನುಗ್ಗಲು ಎಡೆಕೊಡುವ ದೋಷಕ್ಕೆ, ಅಂದರೆ ‘ವಲ್ನರಬಿಲಿಟಿ’ಗೆ, ಇನ್ನೊಂದು. ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು, ದಯವಿಟ್ಟು.

ಸಾಗರದಿಂದ:

ಇದಕ್ಕೆ ಇಷ್ಟು ಯೋಚನೆ ಯಾಕೆ? ಕೋಡಿ. ಕೆರೆ ತುಂಬಿದರೆ ಕೋಡಿ ಬೀಳುತ್ತೆ, ಬಫರ್ ತುಂಬಿದರೂ ಅಷ್ಟೆ. ‘ಬಫರ್ ಕೋಡಿ’ ಅಂತ ಹಾಕಿ, ಎಲ್ಲರಿಗೂ ತಿಳಿಯುತ್ತೆ. ಇನ್ನೊಂದಕ್ಕೆ ‘ಕನ್ನ’.

ಬೆಂಗಳೂರಿನಿಂದ:

‘ಬಪರ್’ ಉಳಿಸಿಕೊಂಡು ಕೋಡಿ ಸೇರಿಸಿದರೆ ಅದು ಅರೆಬೆಂದ ಪದ. ಕಟ್ಟುವುದಾದರೆ ಪೂರ್ತಿ ಕನ್ನಡದಲ್ಲೇ ಕಟ್ಟಬೇಕು. ‘ಇಂಬು’ ಎಂದರೆ ಎಡೆ, ಜಾಗ. ಹಳಗನ್ನಡದಿಂದಲೂ ಬಂದ ಪದ. ಗೊತ್ತುಮಾಡಿದ ಇಂಬನ್ನು ಮೀರುವುದು ‘ಇಂಬುಮೀರಿಕೆ’. ಮುಗಿಯಿತು.

ಹೊಸನಗರದಿಂದ:

ನಮ್ಮ ಹುಡುಗರು ಅದನ್ನ ‘ದಿಂಬುಮೀರಿಕೆ’ ಅಂತ ಓದ್ತಾರೆ ಮಾರಾಯ್ರೆ.

ತೀರ್ಥಹಳ್ಳಿಯಿಂದ:

ಕೋಡಿ ಪೂರ್ತಿ ತಪ್ಪು. ಕೆರೆ ನೋಡದವರು ಹೇಳಿದ್ದರೆ ಸುಮ್ಮನಿರಬಹುದಿತ್ತು, ಸಾಗರದವರೇ ಹೇಳಿದ್ದರಿಂದ ಬರೆಯಬೇಕಾಯ್ತು. ಕೋಡಿ ಅನ್ನೋದು ಅನಾಹುತ ಅಲ್ಲ, ಅನಾಹುತ ಆಗದಿರಲಿ ಅಂತ ಕೆರೆ ಕಟ್ಟಿದವನೇ ಬಿಟ್ಟ ದಾರಿ. ಏರಿಗಿಂತ ತಗ್ಗಿನಲ್ಲಿ, ಕಲ್ಲು ಹಾಸಿ, ಹೆಚ್ಚಾದ ನೀರು ಏರಿ ಕೊರೆಯದೆ ಹಳ್ಳ ಸೇರಲಿ ಅಂತ. ಕೋಡಿ ಬಿತ್ತು ಅಂದರೆ ಊರಿಗೆ ಊರೇ ಹೋಗಿ ಬಾಗಿನ ಬಿಡುತ್ತೆ. ಲೈಸೆನ್ಸ್ ಸರ್ವರ್ ಹ್ಯಾಕ್ ಆಯ್ತು ಅಂತ ಯಾರಾದರೂ ಬಾಗಿನ ಬಿಡ್ತಾರಾ? ಬಂದದ್ದರ ಉದ್ದ ಅಳೆದು ಮಿಕ್ಕಿದ್ದನ್ನು ಕತ್ತರಿಸಿ ಬಿಸಾಡುವ ಪ್ರೋಗ್ರಾಮ್ ಇದೆಯಲ್ಲ, ಕೋಡಿ ಇರುವುದು ಅದಕ್ಕೆ. ಓವರ್‌ಫ್ಲೋ ಆಗುವ ಪ್ರೋಗ್ರಾಮಿಗೆ ಕೋಡಿಯೇ ಇಲ್ಲ.

ಉಕ್ಕು, ತುಳುಕು, ತುಂಬಿ ಹರಿ ಯಾವುದೂ ಆಗುವುದಿಲ್ಲ. ಅವುಗಳಲ್ಲಿ ಹೆಚ್ಚಾದದ್ದು ಚೆಲ್ಲಿ ಪೋಲಾಗುತ್ತೆ. ಇಲ್ಲಿ ಪೋಲಾಗದೆ ಇರೋದೇ ಕಷ್ಟ. ಪಕ್ಕದ ಜಾಗದಲ್ಲಿ ಏನಿರುತ್ತೆ? ಸ್ಟ್ಯಾಕ್‌ನಲ್ಲಾದರೆ (ಪ್ರೋಗ್ರಾಮ್ ತನ್ನ ನಡುವಿನ ಲೆಕ್ಕಗಳನ್ನು ಒಂದರ ಮೇಲೊಂದು ಪೇರಿಸಿಡುವ ಮೆಮೊರಿ), ಈ ಕೆಲಸ ಮುಗಿಸಿ ಪ್ರೋಗ್ರಾಮ್ ಎಲ್ಲಿಗೆ ಮರಳಬೇಕು ಅನ್ನುವ ವಿಳಾಸ. ಅದನ್ನು ಅಳಿಸಿ ತನಗೆ ಬೇಕಾದ ವಿಳಾಸ ಬರೆದವನು ಯಂತ್ರದ ಯಜಮಾನ. 1988ರ ನವೆಂಬರ್ 2ರಂದು ಮಾರಿಸ್ ವರ್ಮ್ ಎಂಬ ತಾನೇ ಹರಡುವ ಪ್ರೋಗ್ರಾಮ್, ಯಂತ್ರದಲ್ಲಿ ಯಾರಿದ್ದಾರೆ ಅಂತ ಹೇಳುವ ‘ಫಿಂಗರ್’ ಸೇವೆಯೊಳಗೆ ನುಗ್ಗಿದ್ದು ಹೀಗೇ. 512 ಬೈಟ್ ಜಾಗ, ಉದ್ದ ಕೇಳದೆ ಓದಿಕೊಳ್ಳುವ ‘ಗೆಟ್ಸ್’ ಎಂಬ ಫಂಕ್ಷನ್. ಆ ಗೆಟ್ಸ್ ಸಿ ಭಾಷೆಯ ಸ್ಟ್ಯಾಂಡರ್ಡ್‌ನಿಂದ ಹೊರಬಿದ್ದದ್ದು 2011ರಲ್ಲಿ! ಲೈಸೆನ್ಸ್ ಸೇವೆಗಳ ಹಣೆಬರಹವೂ ಬೇರೆಯಲ್ಲ. 2005ರಲ್ಲಿ ಸೆಂಟಿನೆಲ್ ಲೈಸೆನ್ಸ್ ಮ್ಯಾನೇಜರ್ 7.2.0.2ಕ್ಕೆ ನೆಟ್‌ವರ್ಕಿನ ಯುಡಿಪಿ 5093ನೇ ಪೋರ್ಟಿನಲ್ಲಿ, ಅಂದರೆ ಸಂದೇಶ ಒಳಬರುವ ಬಾಗಿಲಲ್ಲಿ, ರಾಶಿ ಡೇಟಾ ಸುರಿದರೆ ಸಾಕಿತ್ತು. ಫ್ಲೆಕ್ಸ್‌ನೆಟ್ ಪಬ್ಲಿಷರ್ ಅನ್ನೋ ಇನ್ನೊಂದು ಲೈಸೆನ್ಸ್ ತಂತ್ರಾಂಶದ ಲೈಸೆನ್ಸ್ ಡೀಮನ್, ವೆಂಡರ್ ಡೀಮನ್ (ಡೀಮನ್ ಅಂದರೆ ತೆರೆಮರೆಯಲ್ಲಿ ಓಡುತ್ತಿರುವ ಪ್ರೋಗ್ರಾಮ್) ಎರಡರಲ್ಲೂ ಸಿಕ್ಕಿದ್ದಕ್ಕೆ ಇಂಥ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2015-8277 ಅಂತ ನಂಬರ್ ಇದೆ.

ಹಾಗಾಗಿ ಪದ ‘ಒತ್ತುವರಿ’. ತನ್ನ ಸರ್ವೆ ನಂಬರ್ ದಾಟಿ ಪಕ್ಕದ ಜಾಗ ಸೇರಿಸಿಕೊಳ್ಳುವುದು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮತ್ತೆ, ಕನ್ನ ಅಲ್ಲ. ಕನ್ನ ಕಳ್ಳ ಬಂದು ಕೊರೆಯುವುದು. ಅವನು ಬರುವ ಮೊದಲೇ ಗೋಡೆಯಲ್ಲಿ ಇದ್ದದ್ದು ಬಿರುಕು. ಪತ್ರಿಕೆಯವರ ‘ಭದ್ರತಾ ಲೋಪ’ ಅಂದರೆ ಕಾವಲಿನವನು ನಿದ್ದೆ ಹೊಡೆದದ್ದು, ಅದೂ ಬೇಡ.

ಶೃಂಗೇರಿಯಿಂದ:

ತೀರ್ಥಹಳ್ಳಿಯವರು ಕೋಡಿಯನ್ನು ತಳ್ಳಿಹಾಕಿದ್ದು ಸರಿ, ಕೊಟ್ಟ ಕಾರಣ ಸಾಲದು. ಕೋಡಿ ಮೂಲತಃ ನೀರಿನ ಪದವೇ ಅಲ್ಲ. ಸಂಸ್ಕೃತದ ‘ಕೋಟಿ’ ಎಂದರೆ ತುದಿ, ವಿಶೇಷವಾಗಿ ಬಿಲ್ಲಿನ ತುದಿ. ಧನುಷ್ಕೋಟಿ ಧನುಷ್ಕೋಡಿಯಾದದ್ದನ್ನು ನೋಡಿ. ಏರಿಯ ತುದಿಯಲ್ಲಿರುವುದರಿಂದ ಕೋಡಿ. ಟಕಾರಕ್ಕೆ ಡಕಾರ ಬರುವುದು ತದ್ಭವಗಳಲ್ಲಿ ತೀರ ಸಾಮಾನ್ಯ. ಪದವನ್ನೇ ಕೇಳಿದ್ದೀರಾದ್ದರಿಂದ: ‘ಸಂಚಯಾತಿಕ್ರಮಣ’. ಅರ್ಥಶುದ್ಧಿ ಇದೆ, ಭಾರತದ ಯಾವ ಭಾಷೆಗೂ ಸಲ್ಲುತ್ತದೆ.

ಬೆಂಗಳೂರಿನಿಂದ:

ಸುಳ್ಳು. ಅದು ‘ಕೋಡು’. ಎಮ್ಮೆಯ ಕೋಡು, ಬೆಟ್ಟದ ಕೋಡು, ಚಾಚಿದ ತುದಿ. ಕುಂದಾಪುರದ ಕೋಡಿಗೆ ಒಮ್ಮೆ ಹೋಗಿ ಬನ್ನಿ, ಹೊಳೆಗೂ ಕಡಲಿಗೂ ನಡುವೆ ನೆಲ ಚಾಚಿ ನಿಂತಿದೆ. ಅಲ್ಲಿ ಯಾವ ಬಿಲ್ಲು, ಯಾವ ಬಾಣ? ಕನ್ನಡದ್ದನ್ನೆಲ್ಲ ಸಂಸ್ಕ್ರುತದ ಕೊಟ್ಟಿಗೆಗೆ ಹೊಡೆಯುವ ಚಾಳಿ ಬಿಡಿ. ‘ಸಂಚಯಾತಿಕ್ರಮಣ’ ಹೇಳಿ ಮುಗಿಸುವಶ್ಟರಲ್ಲಿ ಸರ್ವರ್ ಹೋಗಿರುತ್ತದೆ.

ಶೃಂಗೇರಿಯಿಂದ:

ಷಕಾರವನ್ನೇ ಬರೆಯಲೊಪ್ಪದವರ ಜೊತೆ ನಿರುಕ್ತ ಚರ್ಚಿಸುವ ಅಭ್ಯಾಸ ನನಗಿಲ್ಲ.

ಹೊಸನಗರದಿಂದ:

ಇಬ್ಬರೂ ಸ್ವಲ್ಪ ತಡೀರಿ. ಸರ್ವರ್ ನೋಡಿಕೊಳ್ಳೋದೇ ನನ್ನ ಹೊಟ್ಟೆಪಾಡು, ಅದಕ್ಕೇ ಹೇಳ್ತೀನಿ. ಒತ್ತುವರಿ ಅರ್ಥಕ್ಕೆ ಸರಿಯಾಗಿ ಕೂತಿದೆ, ಗೋಡೆ ಮೇಲೆ ಮಾತ್ರ ಕಷ್ಟ. ‘ಈ ಸರ್ವರ್‌ನಲ್ಲಿ ಒತ್ತುವರಿ ಆಗಬಹುದು’ ಅಂತ ದಪ್ಪ ಅಕ್ಷರದಲ್ಲಿ ಬರೆದರೆ ಓದಿದವರಿಗೆ ನೆನಪಾಗೋದು ಅರಣ್ಯ ಇಲಾಖೆಯ ನೋಟೀಸು. ಬಗರ್ ಹುಕುಂ ಅರ್ಜಿ ಹಾಕಿ ಕಾಯ್ತಿರೋರ ಮನೆಯಿಂದಲೇ ಅರ್ಧ ಜನ ಕೆಲಸಕ್ಕೆ ಬರ್ತಾರೆ, ತಮಾಷೆ ಅಲ್ಲ.

ಇನ್ನೊಂದು. ಕಂಪನಿಯಿಂದ ಅಪ್‌ಡೇಟ್ ಸೂಚನೆ ಬರುವಾಗ ಅದರಲ್ಲಿ ಇರೋದು ‘ಬಫರ್ ಓವರ್‌ಫ್ಲೋ’ ಅಂತ. ಗೋಡೆ ಮೇಲೆ ಇಂಬು, ಸಂಚಯ ಅಂತ ಓದಿದ ಸಹಾಯಕನಿಗೆ ಆ ಸೂಚನೆ ತನ್ನ ಸರ್ವರ್‌ಗೇ ಬಂದದ್ದು ಅಂತ ಹೆಂಗೆ ಗೊತ್ತಾಗ್ಬೇಕು? ಪದಕ್ಕಿಂತ ಮುಖ್ಯವಾದ ಎರಡು ಮಾತು ಹಾಳೆಯಲ್ಲಿ ಇದೆಯಾ ನೋಡಿ: ಲೈಸೆನ್ಸ್ ಸೇವೆಯನ್ನ ಅಡ್ಮಿನ್ ಖಾತೆಯಲ್ಲಿ ಓಡಿಸಬೇಡಿ, ಅದರ ಪೋರ್ಟ್‌ಗಳನ್ನ ಹೊರಗಿನ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ಫ್ಲೆಕ್ಸ್‌ನೆಟ್ ಆದರೆ ಸಾಮಾನ್ಯವಾಗಿ 27000ದಿಂದ 27009ರೊಳಗೆ ಇರುತ್ತೆ. ಲೈಸೆನ್ಸ್ ಸರ್ವರ್ ಒಂದ್ಸಲ ಹಾಕಿದ್ಮೇಲೆ ಯಾರೂ ಆ ಕಡೆ ತಲೆ ಹಾಕಲ್ಲ. ಡ್ರಾಯಿಂಗ್ ತೆರೆದುಕೊಳ್ತಾ ಇದ್ದರೆ ಸಾಕು, ಹಳೇ ಆವೃತ್ತಿ ವರ್ಷಗಟ್ಟಲೆ ಹಂಗೇ ಓಡ್ತಿರುತ್ತೆ.

ಸಾಗರದಿಂದ:

ಅಂದರೆ ಇಂಗ್ಲಿಷೇ ಇರಲಿ ಅಂತ ತೀರ್ಮಾನವೇ? ಹಾಗಾದರೆ ಕನ್ನಡ ಪದಗಳ ಈ ಚರ್ಚಾಪಟ್ಟಿ ಯಾಕೆ ಬೇಕು, ಮುಚ್ಚಿ.

ಬೆಂಗಳೂರಿನಿಂದ:

ಶಿವಮೊಗ್ಗದವರ ಮೊದಲ ಬರಹದಲ್ಲೇ ‘ಪರವಾನಗಿ’ ಇದೆ, ಅದು ಪಾರಸಿಯದು. ಯಾರೂ ಸೊಲ್ಲೆತ್ತಲಿಲ್ಲ. ‘ಒಪ್ಪಿಗೆ’ ಎನ್ನಲು ಏನಡ್ಡಿ?

ತೀರ್ಥಹಳ್ಳಿಯಿಂದ:

‘ಒಪ್ಪಿಗೆ ಸರ್ವರ್’ ಅಂದರೆ ಹೆಣ್ಣು ನೋಡೋಕೆ ಹೋದ ಹಾಗಿರುತ್ತೆ. ಪರವಾನಗಿ ವಾಪಸ್ ಕಳಿಸುವುದಾದರೆ ಅರ್ಜಿ, ವಕೀಲ, ಜಮೀನು, ತಹಶೀಲ್ದಾರ್ ಎಲ್ಲ ಒಟ್ಟಿಗೆ ಗಾಡಿ ಹತ್ತಿಸಿ. ಆಮೇಲೆ ತೋಟದ ಗಡಿ ತಕರಾರು ಬಂದಾಗ ಯಾವ ಭಾಷೆಯಲ್ಲಿ ಜಗಳ ಆಡ್ತೀರಿ ಹೇಳಿ. ಓಹೋ, ‘ತಕರಾರು’ ಕೂಡ ಹೋಯ್ತು.

ಶಿವಮೊಗ್ಗದಿಂದ:

ಎಲ್ಲರಿಗೂ ಧನ್ಯವಾದ. ತಲೆಬರಹದಲ್ಲಿ ಇಂಗ್ಲಿಷ್ ಹೆಸರು ಕನ್ನಡ ಲಿಪಿಯಲ್ಲಿ ಹಾಗೇ ಇರುತ್ತೆ, ಕೆಳಗಿನ ವಾಕ್ಯ ಹೀಗೆ:

‘ಲೈಸೆನ್ಸ್ ಕೇಳುವ ಸಂದೇಶ ಗೊತ್ತುಮಾಡಿದ ಜಾಗಕ್ಕಿಂತ ಉದ್ದವಿದ್ದು, ಸರ್ವರ್ ಅದನ್ನು ಅಳೆಯದೆ ತೆಗೆದುಕೊಂಡರೆ ಮಿಕ್ಕ ಭಾಗ ಪಕ್ಕದ ಮೆಮೊರಿಯನ್ನು ಒತ್ತುವರಿ ಮಾಡುತ್ತದೆ. ಈ ಬಿರುಕನ್ನು ಬಳಸಿ ಹೊರಗಿನವರು ಯಂತ್ರವನ್ನು ಕೈವಶ ಮಾಡಿಕೊಳ್ಳಬಹುದು. ಸೇವೆಯನ್ನು ಅಡ್ಮಿನ್ ಖಾತೆಯಲ್ಲಿ ಓಡಿಸಬೇಡಿ. ಪೋರ್ಟ್‌ಗಳನ್ನು ಹೊರಗೆ ತೆರೆಯಬೇಡಿ. ಅಪ್‌ಡೇಟ್ ಬಂದ ದಿನವೇ ಹಾಕಿ.’

ವಾಕ್ಯದೊಳಗೆ ಬಂದರೆ ಅರಣ್ಯ ಇಲಾಖೆ ನೆನಪಾಗುವುದಿಲ್ಲ ಅಂದುಕೊಂಡಿದ್ದೇನೆ. ತಕರಾರಿದ್ದರೆ ಭಾನುವಾರ ರಾತ್ರಿಯೊಳಗೆ ತಿಳಿಸಿ.

ಬೆಂಗಳೂರಿನಿಂದ:

ಕೇಳಿದ್ದು ಕನ್ನಡ ಪದ, ಅಚ್ಚಾಗುವುದು ಇಂಗ್ಲಿಶ್. ಚೆನ್ನಾಗಿದೆ.

ಶೃಂಗೇರಿಯಿಂದ:

ವಾಕ್ಯ ಪರವಾಗಿಲ್ಲ. ಆದರೆ ‘ಒತ್ತುವರಿ’ಯಲ್ಲಿ ‘ಒತ್ತು’ ನಮ್ಮದು, ‘ವರಿ’ ಎಲ್ಲಿಯದು? ಕಂದಾಯದ ವರಿಯೋ, ಮರಾಠಿಯಿಂದ ಬಂದ ಪ್ರತ್ಯಯವೋ? ಬಲ್ಲವರು ಬೇರೆ ಎಳೆಯಲ್ಲಿ ಬರೆಯಿರಿ. ಬೆಂಗಳೂರಿನವರು ಬೇಡ.